ಹಾರುವ ಯಂತ್ರದ ಮುಖವೆತ್ತ?

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ಹೆದ್ದಾರಿಯಲ್ಲಿ ನಿಟ್ಟೆಯನ್ನು ದಾಟಿ ಮುಂದೆ ಸಾಗಿದರೆ ಬೆಳ್ಮಣ್ ಎಂಬ ಊರು ಸಿಗುತ್ತದೆ. ಏಣೆಲು ಬೆಳೆಯ ಕೊಯ್ಲು ಮುಗಿದು ಗದ್ದೆಗಳೆಲ್ಲ ಬರಿದಾಗಿದ್ದ ಒಂದು ಸಂಜೆ, ಆ ಊರಿನ ಬಯಲೊಂದರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು ತಾವೇ ಜೋಡಿಸಿದ ನಾಲ್ಕು ಪಂಖಗಳ ಡ್ರೋನ್ ಒಂದನ್ನು ಹಾರಿಸುತ್ತಿದ್ದರು. ದಾರಿಹೋಕನಾದ ನಾನೂ ಕುತೂಹಲದಿಂದ ಗದ್ದೆಯ ಹುಣಿಯ ಮೇಲೆ ನಿಂತು ನೋಡಿದೆನು. ಯಂತ್ರದ ತೂಕ ಒಂದು ಕಿಲೋಗ್ರಾಮಿನಷ್ಟು ಇದ್ದೀತು. ಅದರ ನೆತ್ತಿಯ ಮೇಲೆ ಒಂದು ಬಿಳಿಯ ಮಿಂಚುದೀಪ. ಸೆಕೆಂಡಿಗೊಮ್ಮೆ ಅದು ಕಣ್ಣು ಕೋರೈಸುವಂತೆ ಹೊಳೆಯುತ್ತಿತ್ತು. "ಈ ದೀಪ ಇರುವ ತನಕ ನಮ್ಮ ಡ್ರೋನ್ ಎಷ್ಟು ದೂರ ಹೋದರೂ ತಪ್ಪಿಹೋಗುವುದಿಲ್ಲ, ಸರ್" ಎಂದು ಅವರಲ್ಲೊಬ್ಬನು ಹೆಮ್ಮೆಯಿಂದ ಹೇಳಿದನು.

ಸ್ವಲ್ಪ ಹೊತ್ತಿನಲ್ಲಿ ಯಂತ್ರವು ನೂರು ಮೀಟರಿಗೂ ಮಿಕ್ಕಿದ ದೂರಕ್ಕೆ ಹೋಯಿತು. ಪಡುವಣ ಆಕಾಶದ ಬೆಳಕಿನೆದುರು ಅದು ಬರಿಯ ಕರಿಯ ಚುಕ್ಕೆಯಾಗಿ ಕಾಣುತ್ತಿತ್ತು. ಕಡಲ ಕಡೆಯಿಂದ ಗಾಳಿ ಬೀಸಿತು. ಚುಕ್ಕೆಯು ತಿರುಗಿದಂತೆ ತೋರಿತು. ಅದನ್ನು ಹಿಂದಕ್ಕೆ ಕರೆತರಬೇಕೆಂದು ಹುಡುಗನು ಕೈಯಲ್ಲಿದ್ದ ರಿಮೋಟಿನ ಕಡ್ಡಿಯನ್ನು ತನ್ನ ಕಡೆಗೆ ಎಳೆದನು. ಡ್ರೋನ್ ಹತ್ತಿರ ಬರುವ ಬದಲು ಇನ್ನಷ್ಟು ದೂರ ಸರಿಯಿತು. ಗಾಬರಿಗೊಂಡು ಕಡ್ಡಿಯನ್ನು ಬಲಕ್ಕೆ ದೂಡಿದನು. ಅದು ಎಡಕ್ಕೆ ಹೋಯಿತು. ಮರುಕ್ಷಣದಲ್ಲಿಯೇ ತೆಂಗಿನ ಮರವೊಂದರ ಗರಿಗಳಿಗೆ ಬಡಿದು ನೆಲಕ್ಕೆ ಬಿದ್ದಿತು. ಮರದ ಬುಡದಲ್ಲಿ ಯಾರೂ ಇರಲಿಲ್ಲವೆಂಬುದೇ ಭಾಗ್ಯ. ಓಡಿಹೋಗಿ ನೋಡಿದಾಗ ಎರಡು ಪಂಖಗಳು ಮುರಿದಿದ್ದುವು; ನೆತ್ತಿಯ ದೀಪ ಮಾತ್ರ ಇನ್ನೂ ಮಿಂಚುತ್ತಲೇ ಇತ್ತು. "ದೀಪ ಕಾಣುತ್ತಲೇ ಇತ್ತು, ಸರ್. ಅದರ ಮುಖ ಯಾವ ಕಡೆಗೆ ಅಂತ ಮಾತ್ರ ಗೊತ್ತಾಗಲಿಲ್ಲ" ಎಂದನು ಆ ಹುಡುಗ.

ಅವನ ಈ ಮಾತು ನನಗೆ ಬಹಳ ದಿನ ನೆನಪಿನಲ್ಲಿ ಉಳಿಯಿತು. ಇಂದಿನ ಡ್ರೋನ್ ದೀಪಗಳಲ್ಲಿರುವ ಕೊರತೆಯನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿದ್ದನು. ಹಾರುವ ಯಂತ್ರದ ದೀಪವು "ನಾನು ಇಲ್ಲಿದ್ದೇನೆ" ಎಂದರೆ ಸಾಲದು. "ನನ್ನ ಮುಖ ಈ ಕಡೆಗಿದೆ" ಎಂದೂ ಅದು ಹೇಳಬೇಕು. ಮೊದಲನೆಯ ಮಾತನ್ನು ಹೇಳಿಸುವ ನಿಯಮಗಳನ್ನು ಹಲವು ರಾಷ್ಟ್ರಗಳು ಮಾಡಿವೆ. ಎರಡನೆಯ ಮಾತನ್ನು ಹೇಳಿಸುವ ನಿಯಮವೂ ಬೇಕು. ಅದಕ್ಕಿಂತ ಮೊದಲು ಡ್ರೋನ್ ಹಾರಿಸಲು ಕಲಿಯುವ ತರುಣರಲ್ಲಿ ಅದರ ಅಭ್ಯಾಸ ಬೆಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಏತಕ್ಕೆಂಬುದನ್ನು ವಿವರಿಸಲು ಪ್ರಯತ್ನಿಸುತ್ತೇನೆ.

ಎತ್ತಿನ ಗಾಡಿಯನ್ನು ಹೊಡೆಯುವವನು ಗಾಡಿಯ ಮೇಲೆಯೇ ಕುಳಿತಿರುತ್ತಾನೆ. ಎತ್ತುಗಳ ಬಲವೇ ಅವನ ಬಲ, ಅವುಗಳ ಎಡವೇ ಅವನ ಎಡ. ಬೈಸಿಕಲ್, ಮೋಟಾರು, ವಿಮಾನ ಇವೆಲ್ಲಕ್ಕೂ ಇದೇ ನ್ಯಾಯ. ಡ್ರೋನಿನ ಚಾಲಕನಾದರೋ ಯಂತ್ರದಿಂದ ದೂರದಲ್ಲಿ, ನೆಲದ ಮೇಲೆ ನಿಂತಿರುತ್ತಾನೆ. ಯಂತ್ರದ ಬೆನ್ನು ಅವನ ಕಡೆಗಿರುವಷ್ಟು ಹೊತ್ತು ತೊಂದರೆಯಿಲ್ಲ. ಅದು ಅವನೆಡೆಗೆ ಮುಖ ತಿರುಗಿಸಿತೆಂದರೆ ಎಲ್ಲವೂ ತಲೆಕೆಳಗಾಗುತ್ತದೆ. ನಿಮ್ಮ ಎದುರಿಗೆ ನಿಂತ ಗೆಳೆಯನಿಗೆ "ಬಲಕ್ಕೆ ಸರಿ" ಎಂದರೆ ಅವನು ನಿಮ್ಮ ಎಡಕ್ಕೆ ಸರಿಯುವುದಿಲ್ಲವೆ? ಹಾಗೆಯೇ ಇದು. ಡ್ರೋನ್ ಅಪ್ಪಣೆಯನ್ನು ಪಾಲಿಸುವುದು ತನ್ನ ಮುಖಕ್ಕೆ ಅನುಸಾರವಾಗಿ, ನಮ್ಮ ಮುಖಕ್ಕೆ ಅನುಸಾರವಾಗಿ ಅಲ್ಲ. ಆದುದರಿಂದ ಅದರ ಮುಖದಿಕ್ಕು ತಿಳಿಯದ ಚಾಲಕನ ಕೈಯಲ್ಲಿ ರಿಮೋಟ್ ಇದ್ದರೂ ಇಲ್ಲದಂತೆಯೇ; ಕೆಲವೊಮ್ಮೆ ಇಲ್ಲದಿರುವುದಕ್ಕಿಂತ ಕೇಡು.

ಹಾಗಾದರೆ ಕಣ್ಣಿನಿಂದ ನೋಡಿಯೇ ಮುಖವನ್ನು ಗುರುತಿಸಬಾರದೇಕೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಆರೋಗ್ಯವಂತ ಕಣ್ಣು ಬಿಡಿಬಿಡಿಯಾಗಿ ಗುರುತಿಸಬಲ್ಲ ಅತ್ಯಂತ ಚಿಕ್ಕ ಕೋನ ಸುಮಾರು ಒಂದು ಮಿನಿಟು, ಎಂದರೆ ಒಂದು ಡಿಗ್ರಿಯ ೬೦ನೆಯ ಒಂದು ಪಾಲು. ಹುಣ್ಣಿಮೆಯ ಚಂದ್ರಬಿಂಬದ ಅಗಲ ಸುಮಾರು ೩೧ ಮಿನಿಟು. ೩೦ ಸೆಂಟಿಮೀಟರ್ ಅಗಲದ ಡ್ರೋನ್ ೧೨೦ ಮೀಟರ್ ದೂರದಲ್ಲಿದ್ದಾಗ ನಮ್ಮ ಕಣ್ಣಿನಲ್ಲಿ ಎಂಟೂವರೆ ಮಿನಿಟಿನಷ್ಟು ಕೋನವನ್ನು ಮಾಡುತ್ತದೆ. ಚಂದ್ರಬಿಂಬದ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದರ ತೋಳು ಎರಡು ಸೆಂಟಿಮೀಟರ್ ದಪ್ಪವಿದ್ದರೆ ಅದು ಅರ್ಧ ಮಿನಿಟಿಗಿಂತ ತುಸು ಮಾತ್ರ ಹೆಚ್ಚು. ಕಣ್ಣಿನ ಶಕ್ತಿಯ ಎಲ್ಲೆಯನ್ನೇ ಅದು ದಾಟಿಹೋಯಿತು. ಜೊತೆಗೆ ನಾಲ್ಕು ಪಂಖಗಳ ಡ್ರೋನಿನ ಆಕಾರವು ನಾಲ್ಕು ದಿಕ್ಕುಗಳಿಂದಲೂ ಒಂದೇ ಬಗೆಯಾಗಿರುತ್ತದೆ. ಹದ್ದಿಗೆ ತಲೆಯುಂಟು, ಬಾಲವುಂಟು, ವಿಮಾನಕ್ಕೂ ಉಂಟು. ಡ್ರೋನಿಗೆ ಹೇಳಿಕೊಳ್ಳುವಂಥ ತಲೆಯೂ ಇಲ್ಲ, ಬಾಲವೂ ಇಲ್ಲ. ಹೊಳೆಯುವ ಆಕಾಶದೆದುರು ಬಣ್ಣಗಳೂ ಅಳಿಸಿಹೋಗಿ ನೆರಳಷ್ಟೇ ಉಳಿಯುತ್ತದೆ. ಆದ್ದರಿಂದ ಹಗಲಿನಲ್ಲಿಯೇ ಮೋಸಹೋಗುವ ಕಣ್ಣು ಮುಸ್ಸಂಜೆಯಲ್ಲಿ ಮೋಸಹೋಗುವುದರಲ್ಲಿ ಆಶ್ಚರ್ಯವೇನು?

ಈಗ ದೀಪದ ವಿಚಾರಕ್ಕೆ ಬರೋಣ. ಮಿಂಚುದೀಪಕ್ಕೆ ಸ್ಟ್ರೋಬ್ ದೀಪವೆಂಬ ಹೆಸರೂ ಉಂಟು. ಸುತ್ತುವುದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದು ಬಂದಿದೆ. ೧೮೩೨ರ ಸುಮಾರಿಗೆ ಬೆಲ್ಜಿಯಮ್ಮಿನ ಪ್ಲಾಟೋ, ಆಸ್ಟ್ರಿಯದ ಸ್ಟಾಂಪ್ಫರ್ ಇಬ್ಬರೂ ಒಬ್ಬರನ್ನೊಬ್ಬರು ಅರಿಯದೆ, ಸೀಳುಗಳಿರುವ ತಿರುಗುವ ತಟ್ಟೆಯ ಮೂಲಕ ಚಿತ್ರಗಳು ಚಲಿಸುವಂತೆ ತೋರಿಸುವ ಆಟಿಕೆಯನ್ನು ಮಾಡಿದರು. ಸ್ಟಾಂಪ್ಫರನು ತನ್ನದಕ್ಕೆ ಇಟ್ಟ ಹೆಸರೇ ಸ್ಟ್ರೋಬೊಸ್ಕೋಪ್. ೧೯೩೦ರ ದಶಕದ ಆರಂಭದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ವಿದ್ಯುತ್ತಿನಿಂದ ಮಿಂಚುವ ಅನಿಲದೀಪಗಳನ್ನು ಬಳಕೆಗೆ ತಂದು, ವೇಗವಾಗಿ ತಿರುಗುವ ಯಂತ್ರಗಳನ್ನೂ ಹಾರುವ ಗುಂಡನ್ನೂ ನಿಂತಂತೆ ತೋರಿಸಿದನು. ಮುಂದೆ ಇಂಥ ದೀಪಗಳು ವಿಮಾನಗಳ ಮೇಲೇರಿದುವು. ಇಂದು ಬೆರಳಿನ ತುದಿಯಷ್ಟು ಚಿಕ್ಕ ಎಲ್‌ಇಡಿ ದೀಪಗಳೇ ಆ ಕೆಲಸವನ್ನು ಮಾಡುತ್ತಿವೆ.

ಒಂದೇ ಸಮನೆ ಉರಿಯುವ ದೀಪವನ್ನು ಬಿಟ್ಟು ಮಿಂಚುವ ದೀಪವನ್ನು ಆರಿಸಲು ಕಾರಣವೇನು? ಕಾರಣ ಎರಡು. ಮೊದಲನೆಯದು, ಬದಲಾಗುವುದನ್ನು ನಮ್ಮ ಕಣ್ಣು ಬೇಗನೆ ಗಮನಿಸುತ್ತದೆ. ಊರಿನ ನೂರು ದೀಪಗಳ ನಡುವೆ ಮಿನುಗುವ ಒಂದೇ ದೀಪ ಎದ್ದು ಕಾಣುತ್ತದೆ. ಎರಡನೆಯದು ಉಳಿತಾಯ. ಕ್ಷಣಕಾಲ ಮಿಂಚುವ ದೀಪವು ಕಣ್ಣಿಗೆ ಎಷ್ಟು ಪ್ರಕಾಶವಾಗಿ ತೋರುವುದೆಂಬುದನ್ನು ೧೯೧೧ರಲ್ಲಿ ಫ್ರಾನ್ಸಿನ ಬ್ಲಾಂಡೆಲ್ ಮತ್ತು ರೇ ಎಂಬವರು ಒಂದು ಸೂತ್ರದಲ್ಲಿ ಹಿಡಿದಿಟ್ಟರು. ದೂರದಲ್ಲಿ ಮಂದವಾಗಿ ಕಾಣುವ ದೀಪಗಳಿಗೆ ಅನ್ವಯಿಸುವ ಸೂತ್ರವಿದು. ಮಿಂಚಿನ ಕಾಲವನ್ನು, ಅದಕ್ಕೆ ೦.೨ ಸೆಕೆಂಡು ಕೂಡಿಸಿ ಬಂದ ಮೊತ್ತದಿಂದ ಭಾಗಿಸಿ, ದೀಪದ ನಿಜವಾದ ತೀವ್ರತೆಯಿಂದ ಗುಣಿಸಬೇಕು. ೧,೦೦೦ ಕ್ಯಾಂಡೆಲಾ ತೀವ್ರತೆಯ ದೀಪವು ೦.೦೫ ಸೆಕೆಂಡು ಮಿಂಚಿದರೆ ಅದು ೨೦೦ ಕ್ಯಾಂಡೆಲಾದ ನಿಶ್ಚಲ ದೀಪದಷ್ಟು ದೂರಕ್ಕೆ ಕಾಣುತ್ತದೆ. ಸೆಕೆಂಡಿಗೊಮ್ಮೆ ಮಾತ್ರ ಹಾಗೆ ಮಿಂಚುವುದಾದರೆ ಅದು ಬಳಸುವ ವಿದ್ಯುತ್ತು ಸರಾಸರಿಯಲ್ಲಿ ೫೦ ಕ್ಯಾಂಡೆಲಾ ದೀಪದ್ದಷ್ಟೆ. ಕಾಲು ಪಾಲು ಖರ್ಚಿನಲ್ಲಿ ಪೂರ್ಣ ಫಲ! ಬ್ಯಾಟರಿಯ ಪ್ರತಿಯೊಂದು ಗ್ರಾಮೂ ಭಾರವಾಗುವ ಡ್ರೋನಿಗೆ ಇದು ದೊಡ್ಡ ಅನುಕೂಲ.

ಈ ಗುಣಗಳಿಂದಲೇ ಮಿಂಚುದೀಪವು ನಿಯಮಗಳಲ್ಲಿಯೂ ಸ್ಥಾನ ಪಡೆಯಿತು. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ೨೦೧೮ರಲ್ಲಿ ಹೊರಡಿಸಿದ ಡ್ರೋನ್ ನಿಬಂಧನೆಗಳಲ್ಲಿ ಘರ್ಷಣೆ ತಪ್ಪಿಸುವ ದೀಪವೂ ಒಂದು ಅಗತ್ಯವಾದ ಸಲಕರಣೆಯೆಂದು ಹೇಳಲಾಗಿತ್ತು. ಅಮೆರಿಕದಲ್ಲಿ ರಾತ್ರಿ ಹಾರುವ ಡ್ರೋನಿನ ದೀಪವು ಮೂರು ಮೈಲಿ, ಎಂದರೆ ಸುಮಾರು ೪.೮ ಕಿಲೋಮೀಟರ್ ದೂರಕ್ಕೆ ಕಾಣಬೇಕೆಂಬ ನಿಯಮ ೨೦೨೧ರಲ್ಲಿ ಜಾರಿಗೆ ಬಂದಿತು. ಯೂರೋಪಿನ ಒಕ್ಕೂಟದಲ್ಲಿ ರಾತ್ರಿಯ ಡ್ರೋನಿಗೆ ಮಿನುಗುವ ಹಸಿರು ದೀಪ ೨೦೨೨ರ ಜುಲೈಯಿಂದ ಕಡ್ಡಾಯವಾಯಿತು. ಇವೆಲ್ಲವೂ ಒಳ್ಳೆಯ ನಿಯಮಗಳೇ. ಆದರೆ ಇವುಗಳ ಉದ್ದೇಶವೇನೆಂಬುದನ್ನು ಗಮನಿಸಬೇಕು. ಆಕಾಶದಲ್ಲಿ ಹೋಗುವ ಇನ್ನೊಬ್ಬನಿಗೆ, ನೆಲದ ಮೇಲಿರುವ ಪ್ರೇಕ್ಷಕನಿಗೆ, ಅಲ್ಲೊಂದು ಡ್ರೋನ್ ಇದೆಯೆಂದು ತಿಳಿಸುವುದಷ್ಟೇ ಇವುಗಳ ಕೆಲಸ. ಒಂದೇ ಒಂದು ದೀಪ, ಅದೂ ಸುತ್ತಲೂ ಒಂದೇ ಬಗೆಯಾಗಿ ಕಾಣುವ ದೀಪ, ಯಂತ್ರದ ಮುಖವೆತ್ತ ಎಂಬುದನ್ನು ಹೇಗೆ ತಾನೆ ಹೇಳೀತು? ಬೆಳ್ಮಣ್ಣಿನ ಹುಡುಗನು ಎಡವಿದ್ದು ಇಲ್ಲಿಯೇ.

ಈ ಸಮಸ್ಯೆಯನ್ನು ಮನುಷ್ಯನು ಬಹಳ ಹಿಂದೆಯೇ ಕಡಲಿನಲ್ಲಿ ಎದುರಿಸಿ ಬಿಡಿಸಿಕೊಂಡಿದ್ದಾನೆ. ಅದನ್ನು ಕಾಣಲು ನಾವು ದೂರ ಹೋಗಬೇಕಾಗಿಲ್ಲ. ಮಲ್ಪೆಯ ಬಂದರಿನಿಂದ ರಾತ್ರಿ ಹೊರಡುವ ಮೀನುಗಾರಿಕೆಯ ಬೋಟುಗಳನ್ನು ನೋಡಿರಿ. ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು, ಹಿಂಬದಿಗೆ ಬಿಳಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಹಡಗುಗಳಿಗೆ ಬಂದ ಈ ಕ್ರಮ ೧೯೭೨ರ ಅಂತರರಾಷ್ಟ್ರೀಯ ನಿಯಮಗಳಲ್ಲಿಯೂ ಉಳಿದುಬಂದಿದೆ. ಕೆಂಪು ಮತ್ತು ಹಸಿರು ದೀಪಗಳು ಒಂದೊಂದೂ ೧೧೨.೫ ಡಿಗ್ರಿಯಷ್ಟು ಹರವಿನಲ್ಲಿ ಮಾತ್ರ ಕಾಣಬೇಕು. ಹಿಂಬದಿಯ ಬಿಳಿ ದೀಪ ೧೩೫ ಡಿಗ್ರಿಯಲ್ಲಿ. ಮೂರನ್ನೂ ಕೂಡಿಸಿದರೆ ಸರಿಯಾಗಿ ಒಂದು ಸುತ್ತು. ಹೀಗಾಗಿ ಎದುರಿಗೆ ಕಂಡ ಬಣ್ಣದಿಂದಲೇ ಆ ಹಡಗು ಯಾವ ಕಡೆಗೆ ಮುಖ ಮಾಡಿದೆಯೆಂಬುದನ್ನು ತಂಡೇಲನು ಹೇಳಬಲ್ಲನು. ವಿಮಾನಗಳು ಈ ಪಾಠವನ್ನು ಹಡಗುಗಳಿಂದಲೇ ಕಲಿತುವು. ೧೯೫೧ರ ಡಿಸೆಂಬರ್ ೨೫ರಂದು ತೆರೆದ ಬಜ್ಪೆಯ ನಿಲ್ದಾಣಕ್ಕೆ ರಾತ್ರಿ ಇಳಿಯುವ ಯಾವುದೇ ವಿಮಾನದ ಎಡರೆಕ್ಕೆಯ ತುದಿ ಕೆಂಪು, ಬಲರೆಕ್ಕೆಯ ತುದಿ ಹಸಿರು, ಬಾಲ ಬಿಳಿ. ಅಲ್ಲಿ ಹರವುಗಳು ೧೧೦, ೧೧೦ ಮತ್ತು ೧೪೦ ಡಿಗ್ರಿ. ಇವಲ್ಲದೆ ನಿಮಿಷಕ್ಕೆ ೪೦ರಿಂದ ೧೦೦ ಸಲ ಮಿಂಚುವ ಘರ್ಷಣೆ ನಿವಾರಕ ದೀಪಗಳು ಬೇರೆಯೇ ಇರುತ್ತವೆ. ಎಂದರೆ "ಇಲ್ಲಿದ್ದೇನೆ" ಎಂಬ ದೀಪ ಬೇರೆ, "ಈ ಕಡೆಗಿದ್ದೇನೆ" ಎಂಬ ದೀಪ ಬೇರೆ. ವಿಮಾನದಲ್ಲಿ ಒಂದರ ಕೆಲಸವನ್ನು ಇನ್ನೊಂದಕ್ಕೆ ಯಾರೂ ಹೊರಿಸುವುದಿಲ್ಲ.

ಡ್ರೋನುಗಳಲ್ಲಿ ಮಾತ್ರ ಇಂಥ ಒಮ್ಮತವಿಲ್ಲ. ಕೆಲವು ತಯಾರಕರು ಮುಂದೆ ಕೆಂಪು, ಹಿಂದೆ ಹಸಿರು ದೀಪವಿಡುತ್ತಾರೆ. ಇನ್ನು ಕೆಲವರು ಮೋಟಾರುಗಾಡಿಯಂತೆ ಮುಂದೆ ಬಿಳಿ, ಹಿಂದೆ ಕೆಂಪು ಇಡುತ್ತಾರೆ. ಕೆಲವು ಯಂತ್ರಗಳಲ್ಲಿ ಬಣ್ಣ ಬದಲಾಯಿತೆಂದರೆ ಮುಖ ಬದಲಾಯಿತೆಂದಲ್ಲ, ಬ್ಯಾಟರಿ ಇಳಿಯಿತೆಂದು ಅರ್ಥ! ಒಂದು ಯಂತ್ರದಲ್ಲಿ ಪಳಗಿದವನು ಇನ್ನೊಂದನ್ನು ಹಿಡಿದಾಗ ಅವನ ಅಭ್ಯಾಸವೇ ಅವನಿಗೆ ಶತ್ರುವಾಗುತ್ತದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬುದು ಕಡಲಿನಲ್ಲಿಯೂ ಆಕಾಶದಲ್ಲಿಯೂ ಲೋಕಮಾನ್ಯವಾಗಿರುವಾಗ ಡ್ರೋನ್ ಮಾತ್ರ ಬೇರೊಂದು ಭಾಷೆಯನ್ನಾಡಲು ತಕ್ಕ ಕಾರಣವೇ ಇಲ್ಲ.

ಈ ಭಾಷೆಯನ್ನು ಕಲಿಯುವುದು ಕಷ್ಟವೂ ಅಲ್ಲ. ಕೆಂಪು ನಿಮ್ಮ ಎಡಕ್ಕೂ ಹಸಿರು ನಿಮ್ಮ ಬಲಕ್ಕೂ ಕಂಡರೆ ಯಂತ್ರದ ಬೆನ್ನು ನಿಮ್ಮ ಕಡೆಗಿದೆ; ಕಡ್ಡಿಯನ್ನು ಇದ್ದಂತೆಯೇ ಆಡಿಸಬಹುದು. ಕೆಂಪು ಬಲಕ್ಕೆ, ಹಸಿರು ಎಡಕ್ಕೆ ಕಂಡರೆ ಅದು ನಿಮ್ಮನ್ನೇ ನೋಡುತ್ತಿದೆ. ಎಡಬಲಗಳನ್ನು ತಿರುಗಿಸಿ ಯೋಚಿಸಬೇಕು. ಬರಿಯ ಕೆಂಪು ಕಂಡರೆ ಅದರ ಮುಖ ನಿಮ್ಮ ಎಡಕ್ಕೆ, ಬರಿಯ ಹಸಿರು ಕಂಡರೆ ನಿಮ್ಮ ಬಲಕ್ಕೆ. ನಾಲ್ಕೇ ವಾಕ್ಯಗಳ ವ್ಯಾಕರಣ.

ಆದರೆ ಬಣ್ಣವೊಂದನ್ನೇ ನಂಬುವುದರಲ್ಲಿ ಎರಡು ತೊಡಕುಗಳಿವೆ. ೩೦ ಸೆಂಟಿಮೀಟರ್ ಅಂತರದ ಎರಡು ದೀಪಗಳು ದೂರ ಹೋದಂತೆಲ್ಲ ಒಂದಾಗುತ್ತವೆ. ಲೆಕ್ಕದ ಪ್ರಕಾರ ಅವು ಒಂದು ಕಿಲೋಮೀಟರಿನ ವರೆಗೂ ಬೇರೆಬೇರೆಯಾಗಿ ಕಾಣಬೇಕು. ಆದರೆ ಪ್ರಖರವಾದ ಬೆಳಕು ಕಣ್ಣಿನೊಳಗೆ ಚೆದರಿ ಹರಡುವುದರಿಂದ ಅದಕ್ಕಿಂತ ಬಹಳ ಮೊದಲೇ ಕೆಂಪೂ ಹಸಿರೂ ಬೆರೆತು ಹಳದಿಯ ಛಾಯೆಯ ಒಂದೇ ಚುಕ್ಕೆಯಾಗುತ್ತವೆ. ಎರಡನೆಯ ತೊಡಕು ನೋಡುವವರ ಕಣ್ಣಿನದು. ಯೂರೋಪಿನ ಗಂಡಸರಲ್ಲಿ ನೂರಕ್ಕೆ ಎಂಟು ಮಂದಿಗೆ ಕೆಂಪು ಹಸಿರುಗಳ ಭೇದ ಚೆನ್ನಾಗಿ ತಿಳಿಯುವುದಿಲ್ಲ. ನಮ್ಮಲ್ಲಿಯೂ ಅಂಥವರು ಇಲ್ಲದಿಲ್ಲ. ಎಷ್ಟೋ ಮಂದಿಗೆ ತಮಗೆ ಈ ಕೊರತೆಯಿದೆಯೆಂಬುದೇ ಗೊತ್ತಿರುವುದಿಲ್ಲ.

ಇಲ್ಲಿ ನಮಗೆ ದಾರಿ ತೋರಿಸುವುದು ಕಾಪುವಿನ ದೀಪಸ್ತಂಭ. ೧೯೦೧ರಲ್ಲಿ ಕಡಲ ಕರೆಯ ಬಂಡೆಯ ಮೇಲೆ ಕಟ್ಟಿದ ಆ ದೀಪವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಕರಾವಳಿಯುದ್ದಕ್ಕೂ ಇಂಥ ಎಷ್ಟೋ ದೀಪಗಳು ಬಿಳಿಯ ಬೆಳಕನ್ನೇ ಬೀರುತ್ತವೆ. ಆದರೂ ನಾವಿಕನು ಒಂದನ್ನು ಇನ್ನೊಂದೆಂದು ಭ್ರಮಿಸುವುದಿಲ್ಲ. ಏಕೆಂದರೆ ಪ್ರತಿಯೊಂದಕ್ಕೂ ಅದರದೇ ಆದ ಮಿಂಚಿನ ಲಯವಿದೆ. ಎಷ್ಟು ಸಲ ಮಿಂಚುತ್ತದೆ, ಎಷ್ಟು ಹೊತ್ತು ಕತ್ತಲಾಗಿರುತ್ತದೆ ಎಂಬುದನ್ನು ಎಣಿಸಿ, ಪಟ್ಟಿಯಲ್ಲಿ ನೋಡಿ, ಇದು ಇಂಥ ಸ್ಥಳವೆಂದು ಅವನು ನಿಶ್ಚಯಿಸುತ್ತಾನೆ. ಮುಂಗಾರಿಗೆ ಮುನ್ನ ನಮ್ಮ ತೋಟಗಳಲ್ಲಿ ಮಿನುಗುವ ಮಿಂಚುಹುಳುಗಳೂ ತಮ್ಮ ಜಾತಿಯವರನ್ನು ಮಿಂಚಿನ ಲಯದಿಂದಲೇ ಗುರುತಿಸುತ್ತವೆ. ಲಯವನ್ನು ಓದಲು ಬಣ್ಣ ಬೇಕಿಲ್ಲ; ಎಷ್ಟೇ ದೂರವಾದರೂ ದೀಪ ಕಾಣುವಷ್ಟು ದೂರ ಲಯವೂ ಕಾಣುತ್ತದೆ.

ಆದುದರಿಂದ ನನ್ನ ಸಲಹೆ ಇಷ್ಟು. ಡ್ರೋನಿನ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು ನಿಶ್ಚಲ ದೀಪಗಳಿರಲಿ. ಇವುಗಳ ಜೊತೆಗೆ ಮುಂದೊಂದು, ಹಿಂದೊಂದು ಬಿಳಿಯ ಮಿಂಚುದೀಪವಿರಲಿ. ಮುಂದಿನದು ಸೆಕೆಂಡಿಗೊಮ್ಮೆ ಜೋಡಿಮಿಂಚು ಮಿಂಚಲಿ, ಹಿಂದಿನದು ಒಂಟಿಮಿಂಚು ಮಿಂಚಲಿ. ಜೋಡಿಯ ನಡುವೆ ಸೆಕೆಂಡಿನ ಐದನೆಯ ಒಂದು ಪಾಲು ಬಿಡುವಿದ್ದರೆ ಕಣ್ಣು ಅದನ್ನು ಎರಡೆಂದು ಸುಲಭವಾಗಿ ಎಣಿಸುತ್ತದೆ. ಒಂದು ಹಿಂದಿನ ಬದಿಗೆ, ಇನ್ನೊಂದು ಮುಂದಿನ ಬದಿಗೆ ಕಾಣದಂತೆ ಸಣ್ಣದೊಂದು ಮರೆ ಬೇಕು. ಮಿಂಚುದೀಪವಷ್ಟೇ ಸಾಲದೆ ನಿಶ್ಚಲ ದೀಪವೂ ಏತಕ್ಕೆ ಎಂದು ಕೇಳಬಹುದು. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹೋಗುವ ಡ್ರೋನ್ ಎರಡು ಮಿಂಚುಗಳ ನಡುವಣ ಕತ್ತಲೆಯಲ್ಲಿ ಏಳೆಂಟು ಮೀಟರ್ ಜಾರಿಹೋಗಿರುತ್ತದೆ. ಮಿಂಚು ಯಂತ್ರವನ್ನು ಹುಡುಕಿಕೊಡುತ್ತದೆ. ನಿಶ್ಚಲ ದೀಪವು ಕಣ್ಣನ್ನು ಅದರ ಬೆನ್ನಿಗೆ ಕಟ್ಟಿಹಾಕುತ್ತದೆ. ಎರಡೂ ಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನೋಡೋಣ. "ಈಗಿನ ಡ್ರೋನುಗಳಿಗೆ ಜಿ.ಪಿ.ಎಸ್. ಇದೆ, ದಿಕ್ಸೂಚಿಯಿದೆ, ಪರದೆಯ ಮೇಲೆ ಬಾಣದ ಗುರುತು ಮುಖವನ್ನು ತೋರಿಸುತ್ತದೆ, ಗುಂಡಿಯೊತ್ತಿದರೆ ತಾನಾಗಿಯೇ ಮನೆಗೆ ಬರುತ್ತದೆ. ದೀಪದ ಗೊಡವೆ ಏಕೆ?" ಎಂಬುದು ಮೊದಲನೆಯದು. ಈ ಸಲಕರಣೆಗಳ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಬ್ಬಿಣದ ಚಾವಣಿ, ಕಾಂಕ್ರೀಟಿನೊಳಗಿನ ಸರಳುಗಳು, ಹೆಚ್ಚು ಪ್ರವಾಹ ಹರಿಯುವ ತಂತಿಗಳು ದಿಕ್ಸೂಚಿಯನ್ನು ದಾರಿತಪ್ಪಿಸಬಲ್ಲವು. ಪರದೆಗೆ ಬರುವ ಚಿತ್ರ ಮರಗಳ ಮರೆಯಲ್ಲಿ ಕಡಿದುಹೋಗಬಹುದು. ಹುಡುಗರು ಮನೆಯಲ್ಲಿ ಜೋಡಿಸಿದ ಯಂತ್ರಗಳಲ್ಲಿ ಇವು ಇರದೆಯೂ ಇರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯನ್ನು ನೋಡುವ ಕಣ್ಣು ಆಕಾಶವನ್ನು ನೋಡುವುದಿಲ್ಲ. ಹದ್ದು ಎರಗಿದರೂ, ಮರ ಅಡ್ಡಬಂದರೂ, ಜನ ಕೆಳಗೆ ನಡೆದುಬಂದರೂ ಅದಕ್ಕೆ ತಿಳಿಯದು. ಉಪಕರಣವು ಕಣ್ಣಿಗೆ ಸಹಾಯಕವಾಗಬೇಕೇ ಹೊರತು ಕಣ್ಣಿನ ಸ್ಥಾನವನ್ನು ಕಸಿದುಕೊಳ್ಳಬಾರದು.

ಎರಡನೆಯ ಆಕ್ಷೇಪ ತೂಕದ್ದು. ಇದು ಹುರುಳಿಲ್ಲದ ಮಾತಲ್ಲ. ೨೦೨೧ರ ಆಗಸ್ಟಿನಲ್ಲಿ ಜಾರಿಗೆ ಬಂದ ನಮ್ಮ ಡ್ರೋನ್ ನಿಯಮಗಳು ೨೫೦ ಗ್ರಾಮಿನ ವರೆಗಿನವನ್ನು ನ್ಯಾನೋ ವರ್ಗವೆಂದೂ, ಅಲ್ಲಿಂದ ೨ ಕಿಲೋಗ್ರಾಮಿನ ವರೆಗಿನವನ್ನು ಮೈಕ್ರೋ ವರ್ಗವೆಂದೂ, ೨ರಿಂದ ೨೫ ಕಿಲೋಗ್ರಾಮಿನವನ್ನು ಸಣ್ಣ ವರ್ಗವೆಂದೂ ವಿಂಗಡಿಸಿದುವು. ಯಂತ್ರದ ಮೇಲೆ ಹೊರಿಸಿದ ಸಾಮಗ್ರಿಯೂ ಈ ತೂಕದಲ್ಲಿ ಸೇರುತ್ತದೆ. ೨೪೯ ಗ್ರಾಮಿನ ಡ್ರೋನಿಗೆ ಹತ್ತು ಗ್ರಾಮಿನ ದೀಪವನ್ನು ಅಂಟಿಸಿದರೆ ಅದು ೨೫೯ ಗ್ರಾಮಾಗಿ ಮೇಲಿನ ವರ್ಗಕ್ಕೆ ಏರಿಬಿಡುತ್ತದೆ. ಸುರಕ್ಷಿತವಾಗಿ ಹಾರಿಸಬೇಕೆಂದು ದೀಪ ಕಟ್ಟಿದವನಿಗೆ ಹೆಚ್ಚಿನ ಕಟ್ಟುಪಾಡು, ಕಟ್ಟದವನಿಗೆ ಸಡಿಲಿಕೆ! ದಿಕ್ಕು ತೋರುವ ದೀಪಗಳಿಗೆ ಹದಿನೈದು ಗ್ರಾಮಿನ ತನಕ ತೂಕದಲ್ಲಿ ವಿನಾಯಿತಿ ಕೊಡುವುದು ನ್ಯಾಯವೆಂದು ನನಗೆ ತೋರುತ್ತದೆ. ಮುಂದೆ ಸುರಕ್ಷತೆಯ ಹೊಸ ಏರ್ಪಾಡುಗಳನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಅದೇ ನಿಯಮಗಳು ಕೇಂದ್ರ ಸರಕಾರಕ್ಕೆ ಕೊಟ್ಟುವು. ಇರುವ ಸ್ಥಳವನ್ನು ಪ್ರಸಾರ ಮಾಡುವ ಸಂಕೇತಯಂತ್ರ, ನಿಷಿದ್ಧ ವಲಯವನ್ನು ದಾಟದಂತೆ ತಡೆಯುವ ಏರ್ಪಾಡು ಮುಂತಾದುವನ್ನು ಅಲ್ಲಿ ಉದಾಹರಿಸಿದೆ. ಆ ಸಾಲಿನಲ್ಲಿ ದಿಕ್ಕುದೀಪಕ್ಕೂ ಒಂದು ಸ್ಥಾನ ದೊರೆಯಲಿ.

ಮೂರನೆಯದು, ಮಿಂಚುದೀಪದಿಂದಲೇ ಆಗಬಹುದಾದ ತೊಂದರೆ. ಅತಿಯಾದ ಪ್ರಖರತೆ ಚಾಲಕನ ಕಣ್ಣನ್ನೇ ಮಂಕುಗೊಳಿಸುತ್ತದೆ. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಆ ಹೊಂದಾಣಿಕೆಯನ್ನು ಕೆಡಿಸಲು ಕೆಲವೇ ಮಿಂಚು ಸಾಕು. ಬೇಗಬೇ‌ಗನೆ ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರವನ್ನು ಕೆರಳಿಸುವುದೂ ಉಂಟು; ಆದುದರಿಂದಲೇ ಸೆಕೆಂಡಿಗೆ ಮೂರು ಮಿಂಚನ್ನು ಮೀರಬಾರದೆಂಬ ಎಚ್ಚರಿಕೆ ಹಲವೆಡೆ ಪಾಲನೆಯಲ್ಲಿದೆ. ನಾನು ಸೂಚಿಸಿದ ಜೋಡಿಮಿಂಚು ಎರಡನ್ನು ಮೀರುವುದಿಲ್ಲ. ದೀಪ ಬಲವಾಗಿರುವುದಕ್ಕಿಂತ ಸರಿಯಾದ ಜಾಗದಲ್ಲಿರುವುದು ಮುಖ್ಯ.

ಇಷ್ಟಕ್ಕೂ ಇದು ಕೇವಲ ಹುಡುಗರ ಆಟದ ಸಂಗತಿಯೆಂದು ತಿಳಿಯಬಾರದು. ರಥೋತ್ಸವದ ಜನಸಂದಣಿಯ ಬಳಿ, ಮದುವೆಯ ಚಪ್ಪರದ ಬಳಿ ಚಿತ್ರ ತೆಗೆಯುವ ಡ್ರೋನುಗಳನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕಂಡಿದ್ದೇವೆ. ಒಂದು ಕಿಲೋಗ್ರಾಮಿನ ಯಂತ್ರ ನೂರು ಮೀಟರ್ ಎತ್ತರದಿಂದ ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಅದು ನೆಲವನ್ನು ಮುಟ್ಟುವಾಗಿನ ವೇಗ ಗಂಟೆಗೆ ೧೬೦ ಕಿಲೋಮೀಟರಿಗೆ ಸಮೀಪ. ಗಾಳಿಯ ತಡೆಯಿಂದ ಅದು ಕಡಮೆಯಾದರೂ ತಲೆಯೊಡೆಯಲು ಸಾಕು. ಹೊಲತೋಟಗಳಿಗೆ ಔಷಧಿ ಸಿಂಪಡಿಸುವ ಡ್ರೋನುಗಳು ಇದಕ್ಕಿಂತ ಎಷ್ಟೋ ಪಾಲು ಭಾರವಾದುವು. ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರಕಾರ ೨೦೨೩ರಲ್ಲಿ ಒಪ್ಪಿಗೆ ಕೊಟ್ಟಿತು. ಅಡಕೆ ತೆಂಗುಗಳ ನಡುವೆ, ಹೊಗೆಯಂತೆ ಹರಡುವ ತುಂತುರಿನಾಚೆ ಇರುವ ಯಂತ್ರವನ್ನು ನಿಯಂತ್ರಿಸುವ ಹೆಣ್ಣುಮಗಳಿಗೆ ಅದರ ಮುಖ ಯಾವ ಕಡೆಗಿದೆಯೆಂಬುದು ಒಂದೇ ನೋಟಕ್ಕೆ ತಿಳಿಯಬೇಡವೆ? ಯೋಚಿಸಿ ನಿರ್ಧರಿಸಲು ಅಂಥ ಹೊತ್ತಿನಲ್ಲಿ ಅವಕಾಶವಿರುವುದಿಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ನನ್ನ ಮಾತನ್ನು ನಂಬಬೇಡಿರಿ, ಪರೀಕ್ಷಿಸಿ ನೋಡಿರಿ. ಇದಕ್ಕೆ ಡ್ರೋನ್ ಬೇಕಿಲ್ಲ. ೩೦ ಸೆಂಟಿಮೀಟರ್ ಉದ್ದದ ಮರದ ಪಟ್ಟಿಯೊಂದರ ಎರಡು ತುದಿಗಳಿಗೆ ಎರಡು ಪುಟ್ಟ ಟಾರ್ಚುಗಳನ್ನು ಕಟ್ಟಿ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣದ ಹಾಳೆಯನ್ನು ಹೊದಿಸಿರಿ. ರಟ್ಟಿನಿಂದ ಮರೆ ಮಾಡಿರಿ. ಪಟ್ಟಿಯನ್ನು ಉದ್ದನೆಯ ಬಿದಿರಿನ ಗಳುವಿನ ತುದಿಗೆ ಸಿಕ್ಕಿಸಿ ಗೆಳೆಯನ ಕೈಗೆ ಕೊಡಿರಿ. ಮುಸ್ಸಂಜೆಯಲ್ಲಿ ಅವನು ೫೦, ೧೦೦, ೨೦೦, ೩೦೦ ಮೀಟರ್ ದೂರಗಳಲ್ಲಿ ನಿಂತು, ಚೀಟಿಯೆತ್ತಿ ಬಂದಂತೆ ಪಟ್ಟಿಯ ಮುಖವನ್ನು ನಾಲ್ಕು ದಿಕ್ಕುಗಳಲ್ಲೊಂದಕ್ಕೆ ತಿರುಗಿಸಲಿ. ನೀವು ಕಂಡದ್ದನ್ನು ಬರೆದುಕೊಳ್ಳಿರಿ. ಪ್ರತಿ ದೂರಕ್ಕೂ ಇಪ್ಪತ್ತು ಸಲ ಹೀಗೆ ಮಾಡಿ, ಬಳಿಕ ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿರಿ. ಕಣ್ಣುಮುಚ್ಚಿ ಹೇಳಿದವನಿಗೂ ಇಪ್ಪತ್ತರಲ್ಲಿ ಐದು ಸರಿಯಾದೀತು. ಅದಕ್ಕಿಂತ ಎಷ್ಟು ಹೆಚ್ಚು ಸರಿಯಾಯಿತೋ ಅಷ್ಟೇ ದೀಪಗಳ ಬೆಲೆ. ಅನಂತರ ಅವನ್ನು ತೆಗೆದು ಮಿನುಗುವ ಒಂದೇ ಬಿಳಿಯ ದೀಪವನ್ನಿಟ್ಟು ಮತ್ತೆ ಎಣಿಸಿರಿ. ಯಾವ ದೂರದಲ್ಲಿ ಬಣ್ಣಗಳು ಬೆರೆತುವು, ಯಾರ ಕಣ್ಣಿಗೆ ಮೊದಲು ಬೆರೆತುವು ಎಂಬುದನ್ನೂ ಗುರುತಿಸಿಕೊಳ್ಳಿರಿ. ನಿಟ್ಟೆ, ಮಣಿಪಾಲಗಳ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನೇ ನಿಜವಾದ ಡ್ರೋನಿನ ಮೇಲೆ, ಮಿಂಚಿನ ಬೇರೆಬೇರೆ ಲಯಗಳೊಡನೆ ಮಾಡಬಹುದು. ಇಂಥ ಹತ್ತು ಊರುಗಳ ಎಣಿಕೆ ಒಟ್ಟುಗೂಡಿದರೆ ನಿಯಮ ಮಾಡುವವರ ಮುಂದಿಡಲು ಅದಕ್ಕಿಂತ ಒಳ್ಳೆಯ ವಾದ ಬೇರೆ ಬೇಕಾಗಿಲ್ಲ.

ಬೆಳ್ಮಣ್ಣಿನ ಆ ಹುಡುಗರನ್ನು ಕೆಲವು ವಾರಗಳ ಮೇಲೆ ಮತ್ತೆ ಅದೇ ಬಯಲಿನಲ್ಲಿ ಕಂಡೆನು. ಮುರಿದ ಪಂಖಗಳನ್ನು ಬದಲಿಸಿದ್ದರು. ನೆತ್ತಿಯ ದೀಪವನ್ನು ಕಿತ್ತು ಬಾಲದ ಕಡೆಗೆ ಇಟ್ಟು, ಎಡಬಲಗಳಿಗೆ ಕೆಂಪು ಹಸಿರು ದೀಪಗಳನ್ನು ಅಂಟಿಸಿದ್ದರು. ಒಬ್ಬನು ಹಾರಿಸುತ್ತಿದ್ದನು, ಇನ್ನೊಬ್ಬನು ಆಕಾಶದ ಕಡೆಗೆ ನೋಡುತ್ತ "ಬೆನ್ನು... ಎಡ... ಎಡ... ಈಗ ಮುಖ" ಎಂದು ಕೂಗಿ ಹೇಳುತ್ತಿದ್ದನು. ಈ ಸಲ ಯಂತ್ರವು ಹೊರಟ ಜಾಗಕ್ಕೇ ಬಂದು ಇಳಿಯಿತು.